ಬಾಯಿಲ್ಲದ ಕತ್ತಿ

ಗೋಳಗುಮ್ಮಟದ ಹಿಂದಿನ ಓಣಿ, ವಿಜಾಪುರ
14 ನವೆಂಬರ್ 1977

ತಿಕೋಟಾದ ಶ್ರೀ ಮೋನಪ್ಪ ಕಂಬಾರ ಅವರಿಗೆ ಕರೆಪ್ಪನ ಶರಣು.

ಆರು ವರ್ಷದ ಮೇಲೆ ನನ್ನ ಅಕ್ಷರ ನೋಡಿ ನೀವು ಹುಬ್ಬೇರಿಸಬಹುದು. ಕುಶಲ ಕೇಳಲು ಬರೆಯುತ್ತಿಲ್ಲ. ಒಂದು ಕೆಲಸ ಬಂದಿದೆ. ಅದನ್ನು ಮಾಡಬಲ್ಲವರು ಈ ಜಿಲ್ಲೆಯಲ್ಲಿ ನಿಮ್ಮನ್ನು ಬಿಟ್ಟು ಇನ್ನೊಬ್ಬರು ನನಗೆ ಗೊತ್ತಿಲ್ಲ. ಅಷ್ಟಕ್ಕೇ ಈ ಪತ್ರ.

ನಾನೀಗ ಗುಮ್ಮಟದಲ್ಲಿ ಕಾವಲುಗಾರ. ಹೋದ ವಾರ ಡೆನಿಸ್ ಎಂಬ ಇಂಗ್ಲೆಂಡಿನ ಸಾಹೇಬರು ಬಂದಿದ್ದರು. ಅಲ್ಲಿ ಶಾಲೆಯ ಮಾಸ್ತರರಂತೆ, ವರ್ಷದ ರಜೆ ಹಾಕಿ ನಮ್ಮ ದೇಶದ ಕೋಟೆಗಳನ್ನು ನೋಡುತ್ತ ತಿರುಗುತ್ತಿದ್ದಾರೆ. ಅವರ ಊರಿನಲ್ಲಿ ಒಂದು ಸಂಘ ಇದೆ. ಸಾವಿರ ವರ್ಷದ ಹಿಂದೆ ಉತ್ತರದ ಸಮುದ್ರದಿಂದ ಹಡಗಿನಲ್ಲಿ ಬಂದು ಊರು ಸುಲಿಯುತ್ತಿದ್ದ ವೈಕಿಂಗ್ ಎಂಬ ಜನರ ವೇಷ ತೊಟ್ಟು, ಅವರ ಹಾಗೆ ಕತ್ತಿ ಗುರಾಣಿ ಹಿಡಿದು ರವಿವಾರಕ್ಕೊಮ್ಮೆ ಬಯಲಿನಲ್ಲಿ ಹೊಡೆದಾಡುತ್ತಾರಂತೆ. ನಮ್ಮ ಬಯಲಾಟದಂತೆಯೇ ವೇಷ, ಆದರೆ ಪೆಟ್ಟು ಮಾತ್ರ ಖರೇ ಪೆಟ್ಟು. ಗೈಡ್ ಬಾಬುಸಾಬ ನಡುವೆ ನಿಂತು ಇದನ್ನೆಲ್ಲ ನನಗೆ ಕನ್ನಡದಲ್ಲಿ ಹೇಳಿದ.

ಅವರಿಗೆ ಅಲ್ಲಿ ಸಿಗುವವು ಗೋಡೆಗೆ ತೂಗುಹಾಕುವ ಕತ್ತಿಗಳು. ಕತ್ತಿಗೆ ಕತ್ತಿ ಜೋರಾಗಿ ತಾಗಿದರೆ ಹಿಡಿಯ ಹತ್ತಿರ ಮುರಿದು ಅಲಗು ಹಾರುತ್ತದೆ. ಹೋದ ವರ್ಷ ಒಬ್ಬರ ಕಣ್ಣಿನ ಪಕ್ಕಕ್ಕೇ ಹಾರಿತ್ತಂತೆ. ಇಲ್ಲಿನ ಪೇಟೆಯಲ್ಲಿ ತೋರಿಸಿದ ಒಂದು ಕತ್ತಿಯನ್ನು ಸಾಹೇಬರು ಮೊಣಕಾಲಿಗೆ ಒತ್ತಿ ನೋಡಿದರು. ಬಾಗಿದ್ದು ಬಾಗಿದಂತೆಯೇ ಉಳಿಯಿತು. ಆಗ ನನಗೆ ನೀವು ವೀರಭದ್ರನ ಜಾತ್ರೆಯಲ್ಲಿ ಕುಣಿಯುವ ಪುರವಂತರಿಗೆ ಮಾಡಿಕೊಟ್ಟ ಖಡ್ಗ ನೆನಪಾಯಿತು. ನಿಮ್ಮ ಹೆಸರು ಬಾಯಿಂದ ತಾನಾಗಿ ಬಂದುಬಿಟ್ಟಿತು. ಹೇಳಿದ ಮೇಲೆ ಯಾಕೆ ಹೇಳಿದೆನೋ ಅನ್ನಿಸಿತು, ಆದರೆ ಸಾಹೇಬರು ಆಗಲೇ ಬರೆದುಕೊಂಡಿದ್ದರು.

ಎಂಟು ಕತ್ತಿ ಬೇಕು, ಮೊದಲು ನಮೂನೆಗೆ ಒಂದು. ಸಾಹೇಬರು ಕಂದು ಕಾಗದದ ಮೇಲೆ ಅಳತೆಗೆ ಸರಿಯಾಗಿ ಬರೆದುಕೊಟ್ಟ ಚಿತ್ರ ಇದರೊಂದಿಗಿದೆ. ಅಲಗು ನೆಟ್ಟಗೆ, ಎರಡೂವರೆ ಅಡಿ, ಬುಡದಲ್ಲಿ ಮೂರು ಬೆರಳು ಅಗಲ, ನಡುವೆ ಉದ್ದಕ್ಕೂ ಆಳವಿಲ್ಲದ ಕಾಲುವೆ. ಹಿಡಿ ಒಂದೇ ಕೈಗೆ, ನಾಲ್ಕು ಬೆರಳು ಹಿಡಿಸುವಷ್ಟು. ಅಲಗಿನ ಕಬ್ಬಿಣವೇ ಹಿಡಿಯ ಒಳಗೆ ಕೊನೆಯವರೆಗೆ ಹೋಗಿ ಹಿಡಿಯ ತುದಿಯ ಗುಂಡಿನಲ್ಲಿ ಬಡಿದು ಕೂಡಬೇಕು. ಬಾಗಿಸಿ ಬಿಟ್ಟರೆ ನೆಟ್ಟಗಾಗಬೇಕು. ಸಾಹೇಬರು ಜನವರಿಯಲ್ಲಿ ಮತ್ತೆ ಬರುತ್ತಾರೆ.

ಕೊನೆಯ ಮಾತು, ಸಾಹೇಬರು ಎರಡೆರಡು ಸಲ ಹೇಳಿದ್ದು ಇದೊಂದನ್ನೇ. ಯಾವ ಕಾರಣಕ್ಕೂ ಬಾಯಿ ಮಾಡಬೇಡಿ.

ಇಂತಿ,
ಕರೆಪ್ಪ

*

ತಿಕೋಟಾ
9 ಜನವರಿ 1978

ಕರೆಪ್ಪಾ,

ನೀವು ದಯಮಾಡಿ ಬರೆದ ಪತ್ರ ಮುಟ್ಟಿತು. ನೀನು ನನಗೆ ‘ನೀವು’ ಅಂದರೆ ನಾನೂ ಅನ್ನಬೇಕಲ್ಲ, ಅಂದಿದ್ದೇನೆ. ಇನ್ನು ಮುಂದೆ ಆಗುವುದಿಲ್ಲ, ನಾಲಿಗೆ ಹೊರಳುವುದಿಲ್ಲ. ಒಂದೇ ಶಾಲೆಯಲ್ಲಿ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಮಾಡಿದವರು ನಾವು.

ಎರಡು ತಿಂಗಳು ಉತ್ತರ ಬರೆಯಲಿಲ್ಲ. ಕಾರಣ ನಿನ್ನ ಕೊನೆಯ ಸಾಲು. ಬಾಯಿ ಮಾಡಬೇಡಿ ಎಂದು ನನಗೆ ಬುದ್ಧಿ ಹೇಳುತ್ತೀಯಾ? ನಿನ್ನ ಮೇಲೆ ನಾನು ಯಾವತ್ತು ಬಾಯಿ ಮಾಡಿದ್ದೆ? ನೀನು ಗಾಳಿ ಊದುವ ಚರ್ಮದ ತಿದಿ ಹೊಲಿಯುವುದಕ್ಕೆ ತಡ ಮಾಡಿ ಕುಲುಮೆ ಎಂಟು ದಿನ ತಣ್ಣಗೆ ಬಿದ್ದಾಗಲೂ ಮಾಡಿರಲಿಲ್ಲ. ನನ್ನ ಮಗಳು ಕಾಳವ್ವನ ಮದುವೆಯ ದಿನವಂತೂ ನನ್ನ ಬಾಯಿಗೆ ಬೀಗ ಬಿದ್ದಿತ್ತು. ಬಾಯಿ ತೆಗೆಯಬೇಕಾದಾಗ ತೆಗೆಯದವನಿಗೆ ‘ಬಾಯಿ ಮಾಡಬೇಡಿ’ ಅಂದರೆ ಅದು ಎಲ್ಲಿ ಹೋಗಿ ನಾಟುತ್ತದೆ ಎಂದು ನಿನಗೆ ಗೊತ್ತಿದ್ದೇ ಬರೆದಿದ್ದೀಯ.

ಕೆಲಸದ ಮಾತಿಗೆ ಬರುತ್ತೇನೆ. ಲಾರಿಯ ಕಮಾನ್ ಪಟ್ಟಿ ತಂದು ಬಡಿದಿದ್ದೇನೆ. ಎರಡು ಅಲಗು ಸುಟ್ಟು ಹಾಳಾದವು, ಮೂರನೆಯದು ಇದು. ನೀರಿನಲ್ಲಿ ಅದ್ದಿದರೆ ಗಾಜಿನಂತೆ ಸಿಡಿಯುತ್ತಿತ್ತು. ಕುಸುಬಿ ಎಣ್ಣೆಯಲ್ಲಿ ಅದ್ದಿ, ಮತ್ತೆ ಕಾಸಿ, ಹೊಳಪಿನ ಮೇಲೆ ಮೊದಲು ಜೋಳದ ಕಣಿಕೆಯ ಹಳದಿ, ಆಮೇಲೆ ಕೆಂಪು, ಆಮೇಲೆ ನವಿಲಿನ ಕೊರಳಿನ ನೀಲಿ ಬರುವವರೆಗೆ ಕಾದು ತೆಗೆದೆ. ಅಡುಗೆಮನೆಯ ಎಣ್ಣೆ ಹೋಯಿತೆಂದು ನನ್ನ ಹೆಂಡತಿ ಗುರುಬಾಯಿ ಬಾಯಿ ಮಾಡಿದಳು. ಅವಳಿಗೂ ಒಂದು ಪತ್ರ ಬರೆದು ಬುದ್ಧಿ ಹೇಳು.

ಮೊಣಕಾಲಿಗೆ ಒತ್ತಿದೆ, ಬಿಲ್ಲಿನಂತೆ ಬಾಗಿತು. ಬಿಟ್ಟೆ, ಝಣ್ ಎಂದು ನೆಟ್ಟಗಾಯಿತು. ಹಿಡಿಗೆ ನೂಲಿನ ಹುರಿ ಸುತ್ತಿದ್ದೇನೆ. ಧಾರೆ ನೋಡು, ಮುಂಗೈ ಮೇಲಿನ ಕೂದಲು ಬೋಳಿಸುತ್ತದೆ. ಯುದ್ಧ ಆಡುವವರಿಗೆ ಇಂಥದೇ ಬೇಕಲ್ಲ. ಗೋಣಿಯಲ್ಲಿ ಸುತ್ತಿ ಬಸ್ಸಿನ ಡ್ರೈವರನ ಕೈಯಲ್ಲಿ ಕೊಟ್ಟಿದ್ದೇನೆ.

ನಿನ್ನ ಸಾಹೇಬರಿಗೆ ಹೇಳು, ಊರು ಕೊಳ್ಳೆಹೊಡೆಯುವವರ ವೇಷ ಮಾಸ್ತರರಿಗೆ ಒಪ್ಪುವುದಿಲ್ಲ.

ಮೋನಪ್ಪ

*

ವಿಜಾಪುರ
17 ಜನವರಿ 1978

ಮೋನ್ಯಾ,

ಎಡಗೈ ಹೆಬ್ಬೆರಳಿಗೆ ಪಟ್ಟಿ ಕಟ್ಟಿಕೊಂಡು ಬರೆಯುತ್ತಿದ್ದೇನೆ. ಮೂರು ಹೊಲಿಗೆ ಬಿದ್ದಿವೆ. ನಿನ್ನ ಪತ್ರ ಓದುವ ಮೊದಲೇ ಗೋಣಿ ಬಿಚ್ಚಿ, ಇದು ಬಾಯಿಲ್ಲದ ಕತ್ತಿ ಎಂಬ ಧೈರ್ಯದಲ್ಲಿ ಬೆರಳನ್ನು ಬುಡದಿಂದ ತುದಿಯವರೆಗೆ ಎಳೆದೆ. ನೆಲವೆಲ್ಲ ರಕ್ತ. ಬಾಬುಸಾಬ ಓಡಿ ಬಂದು, “ಏ ಕರೆಪ್ಪಾ, ಸಾಹೇಬ್ರ ಯುದ್ಧ ಇಲ್ಲೇ ಚಾಲೂ ಆತೇನೋ?” ಎಂದು ಕೇಳಿದ. ಅವನಿಗೆ ನಿನ್ನ ಪತ್ರ ಓದಿ ಹೇಳಿದ ಮೇಲೆ ನಕ್ಕು ನಕ್ಕು ಗೋಡೆ ಹಿಡಿದುಕೊಂಡ.

ಲೇ ಮೋನ್ಯಾ, ಕಂಬಾರನಿಗೆ ಕಂಬಾರಿಕೆಯ ಮಾತು ನಾನು ಬಿಡಿಸಿ ಹೇಳಬೇಕೇ? ಕೊಡಲಿಗೆ ಬಾಯಿ ಮಾಡು, ಕುಡಗೋಲಿಗೆ ಬಾಯಿ ಮಾಡು ಎಂದು ದಿನಕ್ಕೆ ಹತ್ತು ಜನ ನಿನ್ನ ಕುಲುಮೆಗೆ ಬರುತ್ತಿದ್ದರು. ಅಲ್ಲೇ ಕೂತು ಕೇಳಿ ಕಲಿತ ಮಾತು ನನ್ನದು. ಬಾಯಿ ಮಾಡಬೇಡಿ ಅಂದರೆ ಧಾರೆ ಹಿಡಿಯಬೇಡಿ ಎಂದು! ಅವರು ಹೊಡೆದಾಡುವುದು ಕೊಲ್ಲುವುದಕ್ಕಲ್ಲ. ಅಂಚು ಎರಡು ಪೈಸೆಯ ಬಿಲ್ಲೆಯಷ್ಟು ದಪ್ಪ, ಉಂಡಗೆ ಇರಬೇಕು, ತುದಿಯೂ ಉಂಡಗೆ. ಮೈಗೆ ತಾಗಿದರೆ ನೋವಾಗಬೇಕು, ಗಾಯ ಆಗಬಾರದು. ಹೊಡೆದಾಡಿ ಮುಗಿದ ಮೇಲೆ ಸೋತವರು ಗೆದ್ದವರು ಎಲ್ಲ ಒಂದೇ ಮೇಜಿಗೆ ಕೂತು ಉಣ್ಣುತ್ತಾರಂತೆ.

ಸಾಹೇಬರು ನಿನ್ನೆ ಬಂದರು. ಕತ್ತಿಯನ್ನು ಬಾಗಿಸಿದರು, ಬಿಟ್ಟರು, ಕಲ್ಲುಕಂಬಕ್ಕೆ ಅಡ್ಡಡ್ಡ ಬಡಿದರು, ಅಲಗನ್ನು ಕಿವಿಗೆ ಹಿಡಿದು ನಾದ ಕೇಳಿದರು. ಧಾರೆ ತೆಗೆದರೆ ಇಂಥ ಕತ್ತಿ ತಮ್ಮ ಸಂಘದಲ್ಲಿ ಯಾರ ಹತ್ತಿರವೂ ಇಲ್ಲ ಎಂದರು. ನನಗೆ ನಾನೇ ಬಡಿದು ಮಾಡಿದಷ್ಟು ಹೆಮ್ಮೆಯಾಯಿತು. ಒಂದೇ ದೂರು, ಬೆವರಿಗೆ ನೂಲಿನ ಹುರಿ ಜಾರುತ್ತದೆ, ಹಿಡಿಗೆ ಚರ್ಮ ಬೇಕಂತೆ.

ಈಗ ಇನ್ನೊಂದು ಮಾತು. ಮದುವೆಯ ದಿನ ನಿನ್ನ ಬಾಯಿಗೆ ಬೀಗ ಬಿದ್ದಿತ್ತು ಎಂದು ಬರೆದಿದ್ದೀಯ. ಹಾಗಾದರೆ ನಿನಗೆ ಗೊತ್ತಿತ್ತು. ಆರು ವರ್ಷ ನಾನು, ಗದ್ದಲದಲ್ಲಿ ಮೋನ್ಯಾ ನೋಡಲಿಲ್ಲವೇನೋ ಎಂದು ಒಂದು ಮನಸ್ಸಿನಲ್ಲಿ ಅಂದುಕೊಳ್ಳುತ್ತಿದ್ದೆ. ನೋಡಿ ಸುಮ್ಮನಿದ್ದಾನೆ ಎಂದು ಇನ್ನೊಂದು ಮನಸ್ಸು ಅನ್ನುತ್ತಿತ್ತು. ನಿನ್ನ ಅಳಿಯನಿಗೆ ಹದಿನೈದು ದಿನ ಕೂತು ಚಪ್ಪಲಿ ಹೊಲಿದು ತಂದಿದ್ದೆ. ನಿಮ್ಮ ಹಿರಿಯರು ಚಪ್ಪಲಿಯನ್ನು ಇಸಿದುಕೊಂಡರು, ನನಗೆ ದನದ ಕೊಟ್ಟಿಗೆಯ ಕಡೆ ಕೈ ತೋರಿಸಿದರು. ಚಪ್ಪಲಿ ಹಂದರದೊಳಗೆ ಹೋದವು, ನಾನು ಹೊರಗೆ ಕೂತೆ. ನೀನು ಹಂದರದ ಬಾಗಿಲಲ್ಲಿ ನಿಂತಿದ್ದೆ, ನಮ್ಮಿಬ್ಬರ ಕಣ್ಣು ಕೂಡಿದವು, ನೀನು ಕಣ್ಣು ತೆಗೆದೆ. ಉಣ್ಣದೆ ಎದ್ದು ಬಂದೆ.

ಮರುದಿನ ನಿನ್ನ ಕುಲುಮೆಯ ಕದಕ್ಕೆ ನನ್ನ ರಂಪಿಗೆ ತೂಗುಹಾಕಿ ಊರು ಬಿಟ್ಟೆ. ನೀನೇ ಬಡಿದುಕೊಟ್ಟ ರಂಪಿಗೆ ಅದು, ಇಪ್ಪತ್ತು ವರ್ಷ ಚರ್ಮ ಕೊಯ್ದಿದ್ದೆ ಅದರಿಂದ. ಈಗ ನಮ್ಮ ಮನೆಯಲ್ಲಿ ಬುದ್ಧನ ಪಟ ಇದೆ. ಚರ್ಮದ ಕೆಲಸ ಬಿಟ್ಟಿದ್ದೇನೆ, ಮತ್ತೆ ಮುಟ್ಟುವುದಿಲ್ಲ, ನಿನಗಾಗಿಯೂ ಇಲ್ಲ. ಬಬಲೇಶ್ವರದಲ್ಲಿ ನನ್ನ ಸೋದರಮಾವನ ಮಗ ರಾಮಲಿಂಗ ಇನ್ನೂ ಆ ಕೆಲಸ ಮಾಡುತ್ತಾನೆ. ಹಿಡಿ ಹೊಲಿಯಲು ಅವನನ್ನು ಕೇಳು.

ಬೆರಳು ನೋಯುತ್ತಿದೆ, ಇಷ್ಟಕ್ಕೆ ನಿಲ್ಲಿಸುವ
ಕರೆಪ್ಪ

*

ತಿಕೋಟಾ
24 ಫೆಬ್ರವರಿ 1978

ಕರ್ಯಾ,

ಈ ಪತ್ರವನ್ನು ನಾಲ್ಕು ಸಲ ಬರೆದು ನಾಲ್ಕು ಸಲ ಕುಲುಮೆಗೆ ಹಾಕಿದೆ. ಇದು ಐದನೆಯದು. ಇದನ್ನೂ ಹಾಕಿಯೇನೆಂದು ಬರೆದ ಕೂಡಲೇ ಡಬ್ಬಿಗೆ ಹಾಕುತ್ತೇನೆ.

ನಾನು ನೋಡಿದ್ದೆ. ಕಣ್ಣು ತೆಗೆದದ್ದೂ ಹೌದು. ಬೀಗರು ಎದ್ದು ಹೋಗುತ್ತಾರೆ, ಮಗಳ ಮದುವೆ ನಿಲ್ಲುತ್ತದೆ ಎಂದು ಹೆದರಿದೆ. ಅಂಜುಬುರುಕತನಕ್ಕೆ ಎಷ್ಟು ಹೆಸರಿಟ್ಟರೂ ಅದು ಅಂಜುಬುರುಕತನವೇ. ತಪ್ಪು ನನ್ನದು. ಕಾಳವ್ವ ಇವತ್ತಿಗೂ ತವರಿಗೆ ಬಂದಾಗ, “ಯಪ್ಪಾ, ಕರೆಪ್ಪ ಕಾಕಾ ಉಣ್ಣದ ಹೋದ್ನಲ್ಲೋ ಅವತ್ತ” ಅನ್ನುತ್ತಾಳೆ. ಆಗ ನನಗೆ ಕುಲುಮೆಯಲ್ಲಿ ಏನೋ ಕೆಲಸ ನೆನಪಾಗುತ್ತದೆ, ಎದ್ದು ಹೋಗುತ್ತೇನೆ.

ಧಾರೆಯ ಮಾತು ಓದಿ ಗುರುಬಾಯಿ ನಕ್ಕಳು, ನನಗೆ ನಗು ಬರಲಿಲ್ಲ. ನಿನ್ನ ಹೆಬ್ಬೆರಳು ಹೇಗಿದೆ? ನಿಜ ಹೇಳಲೇ? ಬಾಯಿಲ್ಲದ ಕತ್ತಿ ಮಾಡುವುದು ಬಾಯಿದ್ದ ಕತ್ತಿ ಮಾಡುವುದಕ್ಕಿಂತ ಕಷ್ಟ. ನಲವತ್ತು ವರ್ಷದಿಂದ ಕೈ ತಾನಾಗಿಯೇ ಅಂಚನ್ನು ತೆಳುಮಾಡುತ್ತದೆ. ದಿನವೂ ಕೈಯನ್ನು ಬೈಯುತ್ತ ಬಡಿಯುತ್ತೇನೆ. ಮೊದಲನೆಯದು ಮುಗಿದಾಗ ಗುರುಬಾಯಿ ನೋಡಿ, “ಹಲ್ಲು ಉದುರಿದ ಮುದುಕನಂಗ ಕಾಣತೈತಲ್ಲ ಇದು” ಎಂದಳು. ನೆಲಕ್ಕೆ ಕುಟ್ಟಿದೆ, ಕಂಬಕ್ಕೆ ಹೊಡೆದೆ, ನನ್ನ ತೊಡೆಗೇ ಹೊಡೆದುಕೊಂಡೆ. ಬಾಸುಂಡೆ ಎದ್ದಿತು, ಗೀರು ಕೂಡ ಆಗಲಿಲ್ಲ. ಆಗ ನನಗೆ ಈ ಕೆಲಸ ಹಿಡಿಸಿತು.

ಚರ್ಮದ ಸಲುವಾಗಿ ಬಬಲೇಶ್ವರಕ್ಕೆ ಹೋಗಿದ್ದೆ. ರಾಮಲಿಂಗ ಚಹಾ ಕೊಟ್ಟ, ಕುಡಿದೆ. ಚರ್ಮ ಕೊಟ್ಟ, ಕಟ್ಟಿಕೊಂಡೆ. ಹೊಲಿದು ಕೊಡು ಅಂದಾಗ ಕೈಯಲ್ಲಿದ್ದ ಕೆಲಸ ಕೆಳಗಿಟ್ಟು, “ಯಾಕ್ರಿ, ನಿಮಗ ಕೈ ಇಲ್ಲೇನ್ರಿ? ಕರೆಪ್ಪಣ್ಣ ಬಿಟ್ಟ ಕೆಲಸ ನೀವ ಮಾಡ್ರಿ, ನೋಡೂಣು” ಅಂದ. ಸಿಟ್ಟು ಬಂತು. ಬಸ್ಸಿನಲ್ಲಿ ಬರುವಾಗ ಸಿಟ್ಟು ಇಳಿದು ಅವನು ಅಂದದ್ದು ಮಾತ್ರ ಉಳಿಯಿತು.

ನಿನ್ನ ರಂಪಿಗೆ ನನ್ನ ಹತ್ತಿರ ಇದೆ. ಪ್ರತಿ ಅಮವಾಸ್ಯೆ ಕುಲುಮೆ ಬಂದ್ ಮಾಡಿ ಹತಾರಗಳ ಪೂಜೆ ಮಾಡುವಾಗ ಅದಕ್ಕೂ ಎಣ್ಣೆ ಹಚ್ಚಿ ಕುಂಕುಮ ಇಡುತ್ತ ಬಂದಿದ್ದೇನೆ. ನೀನು ಹೊಲಿದ ತಿದಿಯೂ ಇದೆ. ಹರಿದು ನಾಲ್ಕು ವರ್ಷವಾಯಿತು, ಬೇರೆಯವರಿಂದ ಹೊಲಿಸಲು ಮನಸ್ಸಾಗಲಿಲ್ಲ. ಕೈಯಿಂದ ತಿರುಗಿಸುವ ಪಂಖಾ ತಂದಿದ್ದೇನೆ.

ನೀನು ಚರ್ಮ ಮುಟ್ಟಬೇಡ. ಹಿಡಿಯ ಚರ್ಮ ನಾನೇ ಹೊಲಿಯುತ್ತೇನೆ. ಹೇಗೆಂದು ಬರೆದು ಕಳಿಸು.

ನಿನ್ನ,
ಮೋನ್ಯಾ

*

ವಿಜಾಪುರ
3 ಮಾರ್ಚ್ 1978

ಮೋನ್ಯಾ,

ನಿನ್ನ ಪತ್ರವನ್ನು ನನ್ನ ಹೆಂಡತಿ ಹನಮವ್ವನಿಗೆ ಓದಿ ಹೇಳಿದೆ. ಅವಳು ನಡುವೆ ಒಳಗೆ ಎದ್ದು ಹೋಗಿ, ಸೆರಗಿನಿಂದ ಮುಖ ಒರೆಸಿಕೊಂಡು ಬಂದು, “ಮುಂದ ಓದ್ರಿ” ಅಂದಳು. ಆ ವಿಷಯದಲ್ಲಿ ಇಷ್ಟೇ ಬರೆಯುತ್ತೇನೆ.

ಈಗ ಪಾಠ. ಮುಲ್ಕಿ ಪರೀಕ್ಷೆಗೆ ಓದಿದ ಹಾಗಲ್ಲ, ಮನಸ್ಸಿಟ್ಟು ಓದು. ಶಾಲೆಯಲ್ಲಿ ನೀನು ಒಳಗೆ ಕೂತು ಕಲಿತೆ, ನಾನು ಪಡಸಾಲೆಯಲ್ಲಿ ಕೂತು ಕಿಟಕಿಯಿಂದ ಕಲಿತೆ. ಆದರೂ ನಿನ್ನ ಲೆಕ್ಕ ತಿದ್ದುತ್ತಿದ್ದವನು ನಾನು.

ಚರ್ಮವನ್ನು ನೀರಿನಲ್ಲಿ ನೆನೆಹಾಕು. ಬೆರಳಿಗೆ ಸುತ್ತಿದರೆ ಒದ್ದೆ ಅರಿವೆಯಂತೆ ಸುತ್ತಬೇಕು, ಅಷ್ಟು ಮೆತ್ತಗಾಗಲಿ. ಹಿಡಿಗೆ ಸುತ್ತಿ ನೋಡಿ, ಎರಡು ಅಂಚು ಕೂಡುವುದಕ್ಕೆ ಒಂದು ನೂಲಿನಷ್ಟು ಕಡಿಮೆ ಇರುವಂತೆ ಕೊಯ್ಯಿ. ಎಳೆದು ಹೊಲಿದರೆ ಬಿಗಿಯಾಗುತ್ತದೆ, ಒಣಗಿದರೆ ಇನ್ನೂ ಬಿಗಿಯುತ್ತದೆ. ರಂಪಿಗೆಯನ್ನು ನಿನ್ನ ಕಡೆ ಎಳೆಯಬೇಡ, ಮುಂದಕ್ಕೆ ದೂಡು. ಅದು ಕತ್ತಿಯಲ್ಲ, ಅದಕ್ಕೆ ಬಾಯಿ ಇದೆ, ನೀನೇ ಮಾಡಿದ್ದು. ಹೊಲಿಗೆ ಬೆರಳುಗಳ ನಡುವಿನ ಸಂದಿಗೆ ಬರಲಿ, ಅಂಗೈಗೆ ಬಂದರೆ ಬೊಬ್ಬೆ ಏಳುತ್ತದೆ. ಕೆಲಸ ಮುಗಿದ ಮೇಲೂ ಕೈಗೆ ವಾಸನೆ ಉಳಿಯುತ್ತದೆ. ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಅರ್ಧ ಹೋಗುತ್ತದೆ. ಇನ್ನರ್ಧ ನಾವು ಮೂವತ್ತು ವರ್ಷ ಹಾಗೇ ಇಟ್ಟುಕೊಂಡಿದ್ದೆವು.

ಸಾಹೇಬರು ಮೇ ತಿಂಗಳಲ್ಲಿ ಎಂಟೂ ಒಯ್ಯುತ್ತಾರೆ. ಅಲ್ಲಿಯವರೆಗೆ ನಿನ್ನ ಬೆರಳು ಜೋಪಾನ.

ನಿನ್ನ ಮಾಸ್ತರ,
ಕರ್ಯಾ

*

ತಿಕೋಟಾ
27 ಏಪ್ರಿಲ್ 1978

ಕರ್ಯಾ,

ಎಂಟೂ ಮುಗಿದವು. ಮೊದಲ ಮೂರರ ಹಿಡಿ ನೋಡಿ ನಗಬೇಡ, ಹೊಲಿಗೆ ಕೋಳಿ ಕೆದರಿದಂತಿದೆ. ಆಮೇಲಿನವು ಪರವಾಗಿಲ್ಲ. ಒಂದೊಂದನ್ನೂ ಬಾಗಿಸಿ, ಬಡಿದು, ಕಿವಿಗೆ ಹಿಡಿದು ನೋಡಿದ್ದೇನೆ. ನಿನ್ನ ಹೆಬ್ಬೆರಳನ್ನು ಧೈರ್ಯದಿಂದ ಎಳೆಯಬಹುದು.

ಕುಲುಮೆಯೊಳಗೆ ಬೆಳಕು ಸಾಲದೆಂದು ಹೊರಗಿನ ಕಟ್ಟೆಯ ಮೇಲೆ ಕೂತು ಹೊಲಿಯುತ್ತಿದ್ದೆ. ನಮ್ಮ ದೊಡ್ಡಪ್ಪನ ಮಗ ಸಂಗಣ್ಣ ಬಂದ. ಕಾಳವ್ವನ ಮದುವೆಯಲ್ಲಿ ನಿನಗೆ ಕೊಟ್ಟಿಗೆಯ ಕಡೆ ಕೈ ತೋರಿಸಿದವನು ಅವನೇ. ನಿಂತು ನೋಡಿ, “ಏನಲೇ ಇದು, ಕಂಬಾರ ಆಗಿ ತೊಗಲ ಹೊಲಿಯಾಕತ್ತೀಯಲ್ಲೋ, ಮಂದಿ ಏನ್ ಅಂದಾರು?” ಎಂದ.

ನಾನು ಎದ್ದು ಒಳಗೆ ಹೋಗಿ ಹಳೆಯ ತಿದಿ ಎಳೆದು ತಂದು ಅವನ ಮುಂದೆ ಹಾಕಿದೆ. “ಅಣ್ಣಾ, ಇದು ಏನು? ತೊಗಲ ಅಲ್ಲೇನು? ಕರೆಪ್ಪ ಹೊಲಿದ ತೊಗಲಿನ ಗಾಳಿಲೇ ನಮ್ಮ ಒಲಿ ಮೂವತ್ತು ವರ್ಷ ಉರದೈತಿ. ನಿನ್ನ ನೇಗಿಲದ ಕುಡಾನೂ ಅದ ಬೆಂಕಿಯೊಳಗ ಕಾದದ್ದು. ಅವನ ಉಸಿರು ಒಳಗ ಬರಬಹುದು, ಅವ ಬರಬಾರದೇನು?” ಎಂದೆ. ಸಣ್ಣ ದನಿಯಲ್ಲಲ್ಲ. ಓಣಿಯವರೆಲ್ಲ ಹೊರಗೆ ಬಂದು ನಿಲ್ಲುವಷ್ಟು ಜೋರಾಗಿ. ಗುರುಬಾಯಿ ನನ್ನ ಕೈ ಜಗ್ಗುತ್ತಿದ್ದಳು, ನಾನು ನಿಲ್ಲಿಸಲಿಲ್ಲ.

ಸಣ್ಣ ಮಗಳು ಸಾವಂತ್ರವ್ವನ ಮದುವೆ ಗೊತ್ತಾಗಿದೆ. ಮೇ ಹದಿನಾಲ್ಕು, ರವಿವಾರ, ನಮ್ಮ ಮನೆಯ ಮುಂದೆಯೇ. ಬೀಗರ ಮನೆಗೆ ನಾನೇ ಹೋಗಿ, ನನ್ನ ಗೆಳೆಯ ಬರುತ್ತಾನೆ, ಮೊದಲ ಪಂಕ್ತಿಯಲ್ಲಿ ನನ್ನ ಪಕ್ಕದಲ್ಲಿ ಕೂತು ಉಣ್ಣುತ್ತಾನೆ, ಒಪ್ಪದಿದ್ದರೆ ಈಗಲೇ ಹೇಳಿರಿ ಎಂದೆ. ಬೀಗರು ಮಗನ ಮುಖ ನೋಡಿದರು. ಸಾವಂತ್ರವ್ವನನ್ನು ಕಟ್ಟಿಕೊಳ್ಳುವ ಹುಡುಗ ಅಮೋಘಿ, “ಬರ್ಲಿ ಬಿಡ್ರಿ ಮಾವಾರ, ನಾನೂ ಅವರ ಪಂಕ್ತ್ಯಾಗ ಕೂಡ್ತೀನಿ” ಎಂದ. ಸಂಗಣ್ಣ ತಾನು ಬರುವುದಿಲ್ಲ ಅಂದಿದ್ದಾನೆ. ಅವನ ಕಡೆಯ ಹತ್ತು ಮನೆಯವರೂ ಬರಲಿಕ್ಕಿಲ್ಲ. ಬರದಿದ್ದರೆ ನಮಗೆ ಕೂಡಲು ಜಾಗ ಹೆಚ್ಚಾಗುತ್ತದೆ.

ಕತ್ತಿಗಳ ಗಂಟಿನಲ್ಲಿ ಕೆಂಪು ಅರಿವೆಯಲ್ಲಿ ಸುತ್ತಿದ ಇನ್ನೊಂದು ವಸ್ತು ಇದೆ. ಅದು ಸಾಹೇಬರದಲ್ಲ, ನಿನ್ನದು. ಹಿಡಿಗಳಿಗೆ ಹೊಲಿದು ಉಳಿದ ಚರ್ಮದಲ್ಲಿ ನಿನಗೊಂದು ಜೋಡು ಚಪ್ಪಲಿ ಹೊಲಿದಿದ್ದೇನೆ. ಅಳತೆ ಯಾರನ್ನೂ ಕೇಳಲಿಲ್ಲ. ನನ್ನ ಕುಲುಮೆಯ ಬೂದಿಯಲ್ಲಿ ನಿನ್ನ ಹೆಜ್ಜೆ ಮೂವತ್ತು ವರ್ಷ ನೋಡಿದ್ದೇನೆ. ಒಂದು ತುಸು ದೊಡ್ಡದು, ಒಂದು ತುಸು ಸಣ್ಣದು ಆದಂತಿದೆ. ಅವನ್ನು ಹಾಕಿಕೊಂಡು ಬಾ. ಚಪ್ಪಲಿ ಹಂದರದ ಹೊರಗೆ ಬಿಡು, ನೀನು ಒಳಗೆ ಬಾ.

ದಾರಿ ಕಾಯುವ,
ಮೋನ್ಯಾ

*

ವಿಜಾಪುರ
8 ಮೇ 1978

ಮೋನ್ಯಾ,

ಸಾಹೇಬರು ಕತ್ತಿ ಒಯ್ದರು. ಗುಮ್ಮಟದ ಹಿಂದಿನ ಬಯಲಿನಲ್ಲಿ ಒಂದನ್ನು ಬಾಬುಸಾಬನ ಕೈಗೆ ಕೊಟ್ಟು ತಾವೊಂದು ಹಿಡಿದು ಹತ್ತು ಪೆಟ್ಟು ಆಡಿದರು. ಕಿಡಿ ಹಾರಿದವು, ಅಲಗು ಮುರಿಯಲಿಲ್ಲ, ಯಾರಿಗೂ ಗಾಯವಾಗಲಿಲ್ಲ. ಕೋಳಿ ಕೆದರಿದ ಹೊಲಿಗೆಯ ಒಂದು ಕತ್ತಿಯನ್ನೇ ತಮಗೆಂದು ಆರಿಸಿಕೊಂಡರು. ಅದು ಒಬ್ಬ ಗೆಳೆಯ ಮೊದಲ ಸಲ ಹೊಲಿದದ್ದು ಎಂದು ಬಾಬುಸಾಬ ಹೇಳಿದ್ದ.

ನಾನೂ ಹನಮವ್ವನೂ ಶನಿವಾರ ಸಂಜೆಯ ಬಸ್ಸಿಗೆ ಬರುತ್ತೇವೆ. ಮದುವೆಯ ಊಟ ರವಿವಾರ, ಆದರೆ ನನ್ನ ಹಸಿವು ಆರು ವರ್ಷ ಹಳೆಯದು, ಹಿಂದಿನ ದಿನವೇ ಒಂದು ರೊಟ್ಟಿ ಬೇಕಾದೀತು.

ಚಪ್ಪಲಿ ಹಾಕಿಕೊಂಡು ಓಣಿಯಲ್ಲಿ ಎರಡು ಸಲ ತಿರುಗಿದೆ. ಬಲಗಾಲಿನದು ಸರಿಯಾಗಿದೆ. ಎಡಗಾಲಿನದು ಕಚ್ಚುತ್ತದೆ. ಬಾಯಿ ಮಾಡಬೇಡ ಎಂದು ನಿನಗೆ ಎಷ್ಟು ಸಲ ಬರೆಯಬೇಕೋ ಮಾರಾಯಾ! ತಿದ್ದಲು ನನಗೆ ಬರುತ್ತದೆ, ಆದರೆ ತಿದ್ದುವುದಿಲ್ಲ. ತಿಕೋಟಾದ ಬಸ್ ಸ್ಟ್ಯಾಂಡಿನಿಂದ ನಿನ್ನ ಮನೆಯವರೆಗೆ ಕಚ್ಚಿಸಿಕೊಂಡೇ ನಡೆದು ಬರುತ್ತೇನೆ.

ನಿನ್ನ,
ಕರ್ಯಾ